ಡಿಫರೆನ್ಷಿಯಲ್ ಲಾಕ್

ಪಾಳುಬಿದ್ದ ವಿಮಾನಪಟ್ಟಿಯ ಮೇಲೆ ಡ್ರ್ಯಾಗ್ ರೇಸಿನ ಫೈನಲ್. ರುದ್ರೇಶನ ಎದುರಾಳಿ ಬೇರೆ ಯಾರೂ ಅಲ್ಲ, ಅವನನ್ನು ಬಿಟ್ಟುಹೋಗಿ ಸ್ವಂತ ಗ್ಯಾರೇಜ್ ತೆರೆದಿದ್ದ ಮಾಜಿ ಹೆಂಡತಿ ಭಾರ್ಗವಿ. ಇಬ್ಬರದೂ ಒಂದೇ ಮಾದರಿಯ ಕಾರು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವಂಥದ್ದು; ಅದನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವುದು ನಡುವಿನ ಡಿಫರೆನ್ಷಿಯಲ್. ಇವಳಿಗೆ ಸ್ಟಿಯರಿಂಗ್ ಬೇರೆ ಕೇಡು ಎಂದುಕೊಳ್ಳುತ್ತ ಅವನು ಅವಳ ಕಾರಿನ ಹತ್ತಿರ ಹೋದ.

“ನಡುವಿನ ಡಿಫರೆನ್ಷಿಯಲ್ ಹೇಗಿಟ್ಟಿದ್ದೀಯ? ಅದೇನು ಅಂತಾದ್ರೂ ಗೊತ್ತಾ?”

“ಪೂರ್ತಿ ಲಾಕ್ ಮಾಡಿದೀನಿ,” ಎಂದಳು ಭಾರ್ಗವಿ, ಟೈರ್ ಒರೆಸುತ್ತಲೇ. “ಹಿಂದಿನ ಚಕ್ರ, ಮುಂದಿನ ಚಕ್ರ ಒಟ್ಟಿಗೇ ತಿರುಗ್ತವೆ. ಈ ಧೂಳಲ್ಲಿ ಸಡಿಲ ಬಿಟ್ರೆ ಜಾರೋ ಚಕ್ರಕ್ಕೇ ಶಕ್ತಿಯೆಲ್ಲ ಹೋಗತ್ತೆ. ನೀವೂ ಲಾಕಲ್ಲೇ ಇಡಿ.”

ರುದ್ರೇಶನಿಗೆ ನಗು ಬಂತು. ಸಂಸಾರ ಮಾಡಿದಷ್ಟು ಕಾಲವೂ ಅವಳ ಒಂದು ಮಾತನ್ನೂ ಅವನು ಕಿವಿಗೆ ಹಾಕಿಕೊಂಡವನಲ್ಲ. ಇವಳು ಲಾಕ್ ಅಂದಳೆಂದರೆ ಗೆಲ್ಲುವ ದಾರಿ ಅದರ ಉಲ್ಟಾ ಇರಬೇಕು. ಅಲ್ಲಿಯವರೆಗೆ ಲಾಕಿನಲ್ಲೇ ಇಟ್ಟಿದ್ದವನು ತನ್ನ ಕಾರಿಗೆ ಮರಳಿ ಗುಂಡಿ ತಿರುಗಿಸಿ ಸಡಿಲ ಮಾಡಿದ.

ಹಸಿರು ದೀಪ ಹತ್ತಿತು. ಅವನ ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ಸುತ್ತಿ ಧೂಳೆಬ್ಬಿಸಿದವು. ಕಾರು ವೇಗ ಹಿಡಿಯುವಷ್ಟರಲ್ಲಿ ಅವಳದು ಗೆರೆ ದಾಟಿತ್ತು.

ಅವನು ಇಳಿದವನೇ ನೇರ ಅವಳ ಬಳಿಗೆ ಹೋದ.

“ನಿಜಾನೇ ಹೇಳಿದ್ಯಲ್ಲ. ಯಾಕೆ?”

ಭಾರ್ಗವಿ ಹೆಲ್ಮೆಟ್ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಸುಳ್ಳು ಹೇಳಿದ್ರೆ ನೀವು ಗೆಲ್ತಿದ್ರಿ.”