ಬೋಗುಣಿಯಲ್ಲಿ ಉಳಿದ ನಟ್ಟು

ಕೈಯ ಜಿಡ್ಡು ತೊಳೆಯಲೆಂದು ಚಿಮಣಿ ಎಣ್ಣೆಯ ಬೋಗುಣಿಗೆ ಕೈ ಹಾಕಿದ ಶಾಂತಾರಾಮನ ಬೆರಳಿಗೆ ಒಂದು ನಟ್ಟು ಸಿಕ್ಕಿತು. ಎತ್ತಿ ನೋಡಿದ. ಮುಂದಿನ ಗಾಲಿಯ ನಟ್ಟು. ಬೆಳಗಿನಿಂದ ಅವನು ಮುಂದಿನ ಗಾಲಿ ಬಿಚ್ಚಿದ್ದು ಒಂದೇ ಸೈಕಲ್ಲಿನದು. ಆ ಸೈಕಲ್ಲು ಅಂಗಡಿ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ.

ಅದು ಸಂಗಯ್ಯ ಮಾಸ್ತರರದು. ಗಾಲಿಯ ಬೇರಿಂಗ್ ಗುಂಡು ಬದಲಿಸಿ ಕೊಡುತ್ತೇನೆಂದು ಶಾಂತಾರಾಮ ಹೇಳಿ ಎರಡು ಸಂತೆ ದಾಟಿದ್ದವು. ಈ ಸಂತೆಗೆ ಮಾಸ್ತರರು ಐದು ವರ್ಷದ ಮಗಳು ನೀಲಗಂಗಿಯನ್ನೂ ಕರೆದುಕೊಂಡು ಬಂದು, ಸಂತೆ ನೆರೆಯುವ ಬಿಡಕಿ ಬಯಲಿನ ಅವನ ಅಂಗಡಿಯ ಎದುರು ಬಿಸಿಲಲ್ಲಿ ಕಾದಿದ್ದರು. ಅವರ ಕಣ್ಣೆದುರೇ ಮೂವರು ಪಂಕ್ಚರ್ ಹಾಕಿಸಿಕೊಂಡು ಹೋದರು. ಕಡೆಗೂ ಅವರ ಗಾಲಿ ಕೂರಿಸುವ ಹೊತ್ತಿಗೆ ಮಾಸ್ತರರ ತಾಳ್ಮೆ ತಪ್ಪಿತು.

"ನಿನ್ನ ಕೈಯಾಗ ಸೈಕಲ್ ಕೊಡೂದಕ್ಕಿಂತ ತಲೀ ಮ್ಯಾಲೆ ಹೊತ್ಕೊಂಡು ತಿರಗೂದು ಚಲೋ," ಎಂದರು, ಸುತ್ತಲಿನವರೆಲ್ಲ ಕೇಳುವ ಹಾಗೆ.

ಇಪ್ಪತ್ತು ವರ್ಷದ ಕಸುಬು. ನಟ್ಟು ಬಿಗಿಯಲು ಎತ್ತಿಕೊಂಡಿದ್ದ ಪಾನಾ ಹಿಡಿದೇ ಶಾಂತಾರಾಮ ಎದ್ದು ನಿಂತ. "ಇನ್ನೊಂದು ಮಾತು ಆಡಿ ನೋಡ್ವ! ತಲೆ ಒಡೆದ್ ಹೋಕು!" ಪಕ್ಕದ ಚಾದಂಗಡಿಯ ಹೊನ್ನ ಓಡಿಬಂದು ಅವನ ರಟ್ಟೆ ಹಿಡಿದುಕೊಂಡ. ಮಾಸ್ತರರು ಸೈಕಲ್ಲನ್ನು ಎಳೆದುಕೊಂಡರು. ಮುಂದಿನ ದಂಡಿಗೆಗೆ ಟವೆಲು ಸುತ್ತಿ, ಮಗಳನ್ನು ಅದರ ಮೇಲೆ ಕೂರಿಸಿ ಹೊರಟೇಬಿಟ್ಟರು. ಜಗಳಕ್ಕೆ ಎದ್ದಾಗ ಶಾಂತಾರಾಮ ಗಾಲಿಯ ಒಂದು ಬದಿಯ ನಟ್ಟನ್ನು ಬರೀ ಬೆರಳಲ್ಲಿ ತಿರುವಿ ಇಟ್ಟಿದ್ದ. ಇನ್ನೊಂದನ್ನು ಹಾಕೇ ಇರಲಿಲ್ಲ.

ಈಗ ಆ ನಟ್ಟನ್ನು ಕಿಸೆಗೆ ಹಾಕಿ, ಪಾನಾ ಹಿಡಿದು, ಅವನು ಕೈಗೆ ಸಿಕ್ಕ ಬಾಡಿಗೆ ಸೈಕಲ್ ಹತ್ತಿದ. ಅದಕ್ಕೆ ಬೆಲ್ಲಿರಲಿಲ್ಲ. "ಸರೀರಿ, ಸರೀರಿ" ಎಂದು ಬಾಯಲ್ಲೇ ಕೂಗಿದರೆ ಸಂತೆಯ ಜನ ಸರಿಯಬೇಕಲ್ಲ! ಮೆಣಸಿನಕಾಯಿ ಚೀಲದ ಗಾಡಿಯೊಂದು ಅಡ್ಡ ನಿಂತಿತ್ತು. ಅದನ್ನು ಬಳಸಿ ಬಂದರೆ ಹಾನಗಲ್ಲಿನ ಬಸ್ಸು ರಸ್ತೆ ತುಂಬ ನಿಂತು ಜನ ಇಳಿಸುತ್ತಿತ್ತು. ಅದರ ಮಗ್ಗುಲಲ್ಲಿ ನುಸುಳುವಾಗ ಪೆಡಲು ಗಟಾರದ ಕಲ್ಲಿಗೆ ಬಡಿದು ಚೈನು ಕಳಚಿತು. ಕಣ್ಣು ಮುಚ್ಚಿ ಏರಿಸಬಲ್ಲ ಚೈನು ಮೂರು ಸಲ ಜಾರಿತು. ನಾಲ್ಕನೆಯ ಸಲ ಕೂತಿತು.

ಊರು ದಾಟಿದ ಮೇಲೆ, ಬನವಾಸಿ ರಸ್ತೆಯಲ್ಲಿ ಅವರು ಕಂಡರು. ಇನ್ನೆರಡು ಫರ್ಲಾಂಗಿಗೆ ಇಳಿಜಾರು. ಐವತ್ತೊಂಬತ್ತರ ಆ ಬೇಸಿಗೆಯಲ್ಲಿ ಅಲ್ಲಿ ಹೊಸದಾಗಿ ಜಲ್ಲಿ ಹರಡಿದ್ದರು. ಕೆಳಗಿನ ತಿರುವಿನ ಮೋರಿಯ ಅಂಚಿಗೆ ತಡೆಕಟ್ಟೆ ಇನ್ನೂ ಎದ್ದಿರಲಿಲ್ಲ. ಇಷ್ಟು ಹೊತ್ತು ಗಾಲಿ ಹೇಗೋ ಕೂತಿತ್ತು. ಜಲ್ಲಿಯ ಮೇಲೆ ಒಂದು ಕುಲುಕು ಸಾಕು.

"ಮಾಸ್ತರ್ರೇ! ನಿಲ್ಲಿ!"

ಮಾಸ್ತರರು ತಿರುಗಿ ನೋಡಿದರು. ನೋಡಿದವರೇ ಮಗಳ ತಲೆಯನ್ನು ಬಗ್ಗಿಸಿ ಇನ್ನೂ ಜೋರಾಗಿ ತುಳಿಯತೊಡಗಿದರು.

"ಗಾಲಿ! ಗಾಲಿ ನಟ್ಟು!" ಎದುರುಗಾಳಿ ಮಾತನ್ನು ಅವನ ಬಾಯಿಗೇ ತುರುಕಿತು. ಆಗ ಅವನಿಗೆ ತನ್ನ ಕೈಯಲ್ಲಿದ್ದ ಪಾನಾ ಕಂಡಿತು. ಬೀಸಿ ಪೊದೆಗೆ ಎಸೆದ. ಆದರೆ ಮಾಸ್ತರರು ಮತ್ತೆ ತಿರುಗಲಿಲ್ಲ. ಅವರ ತೋಳಿನಡಿಯಿಂದ ಹುಡುಗಿ ಮಾತ್ರ ಇಣುಕಿ ನೋಡುತ್ತಿದ್ದಳು. ತಾನು ತುಳಿದಷ್ಟೂ ಅವರು ತುಳಿಯುತ್ತಾರೆ. ಅವರನ್ನು ಇಳಿಜಾರಿಗೆ ಅಟ್ಟುತ್ತಿರುವವನು ತಾನೇ.

ಶಾಂತಾರಾಮ ಹ್ಯಾಂಡಲನ್ನು ಒಮ್ಮೆಲೇ ಪಕ್ಕಕ್ಕೆ ತಿರುವಿಬಿಟ್ಟ. ಸೈಕಲ್ಲು ಒಂದು ಕಡೆ, ಅವನೊಂದು ಕಡೆ. ಮೊಣಕೈ ಕಿತ್ತು ಬಂದಂತಾಯಿತು. "ಅಯ್ಯಯ್ಯೋ, ಸತ್ತೆ!" ಎಂದು ಕಿರುಚಿ ರಸ್ತೆಗೆ ಮುಖ ಹಚ್ಚಿ ಮಲಗಿದ.

ದೂರದಲ್ಲಿ ಹುಡುಗಿಯ ದನಿ ಕೇಳಿತು: "ಅಪ್ಪಾ, ಅವಾ ಬಿದ್ದಾ! ಏಳವಲ್ಲ ನೋಡಪ್ಪಾ!"

ಪೆಡಲಿನ ಕಿರುಗುಟ್ಟು ಮುಂದೆ ಹೋಗುತ್ತಲೇ ಇತ್ತು. ಶಾಂತಾರಾಮ ಉಸಿರು ಬಿಗಿಹಿಡಿದ. ಸದ್ದು ಸಣ್ಣದಾಯಿತು. ಆಮೇಲೆ ನಿಂತಿತು.

ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ಬಂದು ಹತ್ತು ಮಾರು ಆಚೆ ನಿಂತವು. "ಪಾನಾ ಎಲ್ಲೈತಿ?"

"ಎಸೆದೆ ಮಾಸ್ತರ್ರೇ." ಅವನು ಎದ್ದು ಕೂತು ಕಿಸೆಯಿಂದ ನಟ್ಟು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. "ನಿಮ್ಮ ಮುಂದಿನ ಗಾಲೀದು. ಸಿಟ್ಟಲ್ಲಿ ಹಾಕೂದೇ ಮರ್ತೆ. ತಪ್ಪು ನಂದೇ."

ಮಾಸ್ತರರು ನಂಬಲಿಲ್ಲ. ಇಳಿಜಾರಿನ ತಲೆಯಲ್ಲಿ ಮರಕ್ಕೆ ಒರಗಿಸಿದ್ದ ಸೈಕಲ್ಲಿನ ಬಳಿ ಹೋಗಿ, ಮಗಳನ್ನು ಆಚೆ ನಿಲ್ಲಿಸಿ, ಹ್ಯಾಂಡಲ್ ಹಿಡಿದು ಎತ್ತಿ ಕುಕ್ಕಿದರು. ಗಾಲಿ ಕಳಚಿ ನೆಲಕ್ಕೆ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ. ಜಲ್ಲಿಯ ಮೇಲೆ ಪುಟಿಯುತ್ತ ಇಳಿಜಾರಿನುದ್ದಕ್ಕೂ ಓಡಿ, ತಿರುವಿನಲ್ಲಿ ತಿರುಗದೆ ನೇರ ಹೋಗಿ ಮೋರಿಯೊಳಗೆ ಮರೆಯಾಯಿತು. ಸ್ವಲ್ಪ ತಡೆದು ಕೆಳಗಿನಿಂದ ಸದ್ದು ಬಂತು.

ಮಾಸ್ತರರು ಮಗಳ ಕೈ ಹಿಡಿದುಕೊಂಡು ಹಿಂದಕ್ಕೆ ಬಂದರು. ಶಾಂತಾರಾಮನ ಪಕ್ಕ ರಸ್ತೆಯಲ್ಲೇ ಕುಕ್ಕರಿಸಿ, ಟವೆಲು ಹರಿದು ಅವನ ಮೊಣಕೈಗೆ ಕಟ್ಟತೊಡಗಿದರು. ಗಂಟು ಹಾಕಲು ಅವರಿಗೆ ಆಗುತ್ತಿರಲಿಲ್ಲ. ಕಡೆಗೆ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದರು.

"ಬೇಕಂತಲೇ ಬಿದ್ದಿಯೇನು?"

"ನಿಲ್ಲಿ ಅಂದ್ರೆ ನೀವು ನಿಲ್ಲಲಿಲ್ಲ."

"ನಿನ್ನ ಸಂಗಾಟ ಹಂಗ ಜಗಳಾಡಿ ಬಂದಾಂವ ನಾನು. ನೀ ಬಿದ್ರ ನಾ ಹೊಳ್ಳಿ ಬರತೇನಿ ಅಂತ ನಿನಗ ಹ್ಯಾಂಗ ಗೊತ್ತಿತ್ತು?"

ಶಾಂತಾರಾಮ ಹುಡುಗಿಯ ಕಡೆ ನೋಡಿದ. ಅವಳು ಅವನ ಸೈಕಲ್ಲನ್ನು ಎತ್ತಿ ನಿಲ್ಲಿಸಲು ಹೆಣಗುತ್ತಿದ್ದಳು.

"ಗೊತ್ತಿರಲಿಲ್ಲ," ಎಂದ.