ಮೇಲೆ ಬರೆದುಕೊಳ್ಳುವವರು

"ಮೊದಲನೇ ಪದರ, ಕಡು ಕಂದು, ಬೇರು ಜಾಸ್ತಿ!" ಬೆಳಗೋಡಿನ ಕಾಫಿ ತೋಟದಲ್ಲಿ, ಎದೆಮಟ್ಟದ ಗುಂಡಿಯೊಳಗೆ ನಿಂತು ಕೂಗಿದ ನಯನಾ ಅಭ್ಯಾಸದಂತೆ ಕಾದಳು. ಮೇಲಿನಿಂದ "ಬರ್ಕಂಡೆ ಕಣಮ್ಮ" ಅನ್ನುವ ದನಿ ಬರಲಿಲ್ಲ. ಮಣ್ಣು ಸರ್ವೆಯಲ್ಲಿ ಜೊತೆಗಿದ್ದ ರಂಗಸ್ವಾಮಿ ತೀರಿಹೋದ ಮೇಲೆ ಇದು ಅವಳ ಮೊದಲ ಗುಂಡಿ.

ಮಣ್ಣಿನ ವರ್ಗ ಗೊತ್ತುಮಾಡಲು, ಅದು ವರ್ಷದಲ್ಲಿ ಎಷ್ಟು ಕಾಲ ಒದ್ದೆಯಿರುತ್ತದೆಂದು ತಿಳಿಸುವ ಮಳೆಯ ಅಂಕಿಗಳು ಸಿಕ್ಕಿದ್ದವು. ಪದರಗಳ ವಿವರವಷ್ಟೇ ಬಾಕಿ. ಒದ್ದೆ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ಎಳೆದಳು. ಮುರಿಯದೆ ಉದ್ದಕ್ಕೆ ಬಂತು, ಜೇಡಿ. "ಎರಡನೇ ಪದರ..." ಅಂದವಳು ಗುಂಡಿಯ ಅಂಚಿನತ್ತ ನೋಡಿದಳು.

ಕಳೆ ಕೀಳುತ್ತಿದ್ದ ಲಿಂಗಮ್ಮ ಗುಂಡಿಯಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು. "ಯಾರಿಗವ್ವಾ ಹೇಳ್ತಿದ್ದೀಯ?"

"ಬರ್ಕೊಳ್ಳೋರಿಗೆ. ಈಗ ಯಾರೂ ಇಲ್ಲ."

"ನಂಗೆ ಬರ್ಯಕ್ಕೆ ಬರಕಿಲ್ಲ ಕಣವ್ವ. ಹೂಂ ಅಂತೀನಿ, ಹೇಳು."

ನಯನಾ ಮತ್ತೆ ಮಣ್ಣಿನತ್ತ ತಿರುಗಿದಳು. "ಎರಡನೇ ಪದರ, ಕೆಂಪು."

"ಹೂಂ."