ಟಿಟ್ಟಿಭದ ತತ್ತಿ

"ಪಾಪ, ಅದರ ರೆಕ್ಕಿ ಮುರದೈತ್ರಿ ಟೀಚರ್!" ಬಯಲಿನಲ್ಲಿ ನಾಯಿಯ ಮುಂದೆ ರೆಕ್ಕೆ ಎಳೆಯುತ್ತ ಕುಂಟುತ್ತಿದ್ದ ಟಿಟ್ಟಿಭ ಹಕ್ಕಿಯನ್ನು ಕಂಡು ರೇಣುಕಾಳ ತಂಗಿ ಮರುಗಿದಳು.

"ಇಲ್ಲವ್ವಾ, ಅದು ಸೋಗು. ನಾಯಿಗೆ ತತ್ತಿ ಸಿಗಬಾರದಂತ ದೂರ ಕರಕೊಂಡು ಹೊಂಟೈತಿ," ಎಂದರು ಟೀಚರ್.

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಪಕ್ಕದಲ್ಲೇ ನಿಂತಿದ್ದ ರೇಣುಕಾ ಬೆಚ್ಚಿ ಹಿಂದಿನ ಪೊದೆಯೊಳಗೆ ನುಸುಳಿದಳು.

"ರೇಣುಕಾ ಎಲ್ಲಿ ಅದಾಳ್ರಿ?" ಹುಡುಗಿಯರ ಅಪ್ಪ ಇಳಿಯುತ್ತಲೇ ಗದರಿದ. "ನಾಳೆ ಮದುವಿ ಐತಿ, ಇಲ್ಲಿ ಹಕ್ಕಿ ನೋಡ್ಕೋತ ನಿಂತಾಳ?"

"ಏಳನೇ ಕ್ಲಾಸಿನ ಹುಡುಗಿರೀ ಅಕಿ!" ಟೀಚರ್ ಅಡ್ಡ ನಿಂತರು.

"ನನ್ನ ಮಗಳು. ನೀವು ಸರೀರಿ."

ಪೊದೆ ಅಲುಗಿತು. ಅವನು ಅತ್ತ ಹೊರಳಿದ.

"ಯಪ್ಪಾ, ನನ್ನ ಕಾಲ ಮುರೀತು!" ತಂಗಿ ಚೀರಿ ಕುಸಿದಳು.

ಅವನು ಓಡಿಬಂದ. ಅವನು ಕೈಚಾಚಿದಂತೆಲ್ಲ ಅವಳು ಎದ್ದು ಬಿದ್ದು ಕುಂಟುತ್ತ, ಪೊದೆಯಿಂದ ದೂರ ದೂರ ಸರಿದಳು.